ಗೇಮಿಂಗ್ ಲ್ಯಾಪ್‌ಟಾಪ್ 95 ಡಿಗ್ರಿ ಮುಟ್ಟುತ್ತಿದೆ, ಹೊಸದು ಕೊಳ್ಳಲೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ, ಹಾಸ್ಟೆಲ್ ವಾಸಿ. ಮೂರು ವರ್ಷ ಹಿಂದೆ ಕೊಂಡ ಗೇಮಿಂಗ್ ಲ್ಯಾಪ್‌ಟಾಪ್ ಈಗ ಆಟ ಶುರುವಾದ ಇಪ್ಪತ್ತು ನಿಮಿಷಕ್ಕೆ 95 ಡಿಗ್ರಿ ಮುಟ್ಟುತ್ತದೆ. ಮೊದಲು ಇದೇ ಆಟದಲ್ಲಿ 80ರ ಆಸುಪಾಸು ಇರುತ್ತಿತ್ತು. ಫ್ಯಾನ್ ಬೊಬ್ಬೆ ಹಾಕುತ್ತದೆ, ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು, 90ರಿಂದ 50ಕ್ಕೆ ಕುಸಿಯುತ್ತವೆ. ಟ್ಯೂಷನ್ ಹೇಳಿ ಕೂಡಿಟ್ಟ ಹಣವಿದೆ. ಗೇಮಿಂಗ್ ಸಾಧನಗಳ ಬಗ್ಗೆ ನನಗೆ ಕೆಲವು ಖಚಿತ ಅಭಿಪ್ರಾಯಗಳಿವೆ: ಫ್ರೇಮ್ ಜನರೇಷನ್ (ನಡುನಡುವೆ ಊಹಿಸಿದ ಚಿತ್ರ ಸೇರಿಸುವ ತಂತ್ರ) ಎಂಬುದು ಶುದ್ಧ ಮೋಸ, ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ 240 ಹರ್ಟ್ಜ್ ಪರದೆ ಇಲ್ಲದೆ ಶೂಟಿಂಗ್ ಆಟ ಆಡುವುದೇ ವ್ಯರ್ಥ (ಕಣ್ಣಿಗೆ 60ಕ್ಕಿಂತ ಹೆಚ್ಚು ಕಾಣುವುದೇ ಇಲ್ಲ ಎಂಬುದು ನನ್ನ ರೂಮ್‌ಮೇಟ್ ವಾದ), ಕೈಯಲ್ಲಿ ಹಿಡಿದು ಆಡುವ ಸಾಧನಗಳು ಮಕ್ಕಳ ಆಟಿಕೆ, ಕ್ಲೌಡ್ ಗೇಮಿಂಗ್ (ಆಟ ದೂರದ ಕಂಪ್ಯೂಟರಿನಲ್ಲಿ ಓಡಿ, ಚಿತ್ರ ಮಾತ್ರ ಇಂಟರ್ನೆಟ್‌ನಲ್ಲಿ ಬರುವುದು) ಸತ್ತುಹೋಗಿದೆ. ಹೀಗಾಗಿ ಡೆಸ್ಕ್‌ಟಾಪ್‌ನಲ್ಲಿ ಬರುವ ಗ್ರಾಫಿಕ್ಸ್ ಚಿಪ್ಪೇ ಇರುವ ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಸರಿ ಎಂದುಕೊಂಡಿದ್ದೇನೆ. ಹಳೆಯದಕ್ಕೆ ಸದಾ ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದರಿಂದ ಹೀಗಾಯಿತೇ ಎಂಬ ಅನುಮಾನವೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಅಭಿಪ್ರಾಯಗಳು ತುಂಬಾ ಇವೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಹೋಗುತ್ತಾ ಹೇಳಿದ ಒಂದು ಮಾತಿನ ಮೇಲೆ: ‘ಮೊದಲು ಇದೇ ಆಟದಲ್ಲಿ 80ರ ಆಸುಪಾಸು’. ಆಟ ಅದೇ, ಚಿಪ್ ಅದೇ, ಕೋಣೆಯೂ ಬಹುಶಃ ಅದೇ. ಬದಲಾಗಿರುವುದು ಶಾಖ ಹೊರಹೋಗುವ ದಾರಿ. ಹೊಸ ಲ್ಯಾಪ್‌ಟಾಪ್ ಕೊಂಡರೂ ಮೂರು ವರ್ಷಕ್ಕೆ ಇದೇ ಪತ್ರ ಬರೆಯುತ್ತೀರಿ. ಆದ್ದರಿಂದ ಮೊದಲು ಹಳೆಯದರ ಮಾತು ಮುಗಿಸೋಣ.

95 ಡಿಗ್ರಿ ಎಂದರೆ ಚಿಪ್ ಸುಟ್ಟುಹೋಗುತ್ತಿದೆ ಎಂದಲ್ಲ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿಯನ್ನು ತಯಾರಕರು ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟಿರುತ್ತಾರೆ. ಅಲ್ಲಿಗೆ ತಲುಪಿದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. 90 ಫ್ರೇಮ್ 50ಕ್ಕೆ ಬೀಳುವುದು ಈ ಇಳಿಕೆಯಿಂದ. ಅದು ರೋಗವಲ್ಲ, ರಕ್ಷಣೆ. ಮೂರು ವರ್ಷಕ್ಕೆ ಚಿಪ್ ಮುದಿಯಾಗಿ ನಿಧಾನವಾಗುವುದೂ ಇಲ್ಲ. ಮುದಿಯಾಗುವುದು ಚಿಪ್ಪಿಗೂ ಶಾಖ ಸಾಗಿಸುವ ತಾಮ್ರದ ಹೀಟ್ ಪೈಪಿಗೂ ನಡುವೆ ಹಚ್ಚಿದ, ಶಾಖ ದಾಟಿಸುವ ಥರ್ಮಲ್ ಪೇಸ್ಟ್. ಆಟ ಶುರುವಾದಾಗ ಬಿಸಿ, ಮುಗಿದಾಗ ತಣ್ಣಗೆ: ಸಾವಿರಾರು ಸಲ ಹೀಗೆ ಹಿಗ್ಗಿ ಕುಗ್ಗಿ ಪೇಸ್ಟ್ ಅಂಚಿಗೆ ಸರಿಯುತ್ತದೆ, ಒಣಗುತ್ತದೆ. ನಡುವೆ ಗಾಳಿ ಸೇರಿಕೊಂಡರೆ ಮುಗಿಯಿತು. ಗಾಳಿ ತೀರಾ ಕೆಟ್ಟ ಶಾಖವಾಹಕ.

ಪೇಸ್ಟಿಗಿಂತ ದೊಡ್ಡ ಅಪರಾಧಿ ಧೂಳು. ದುರಸ್ತಿ ಮೇಜಿನ ಮುಂದೆ ಕುಳಿತು ನಾನು ಬಿಚ್ಚಿ ನೋಡಿದ ಇಂಥ ಯಂತ್ರಗಳಲ್ಲಿ ಫ್ಯಾನ್‌ಗಳು ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತವೆ. ಧೂಳು ಕೂರುವ ಜಾಗ ಬೇರೆ: ಫ್ಯಾನ್ ಗಾಳಿ ಊದುವ ಬಾಯಿಗೂ ಶಾಖ ಹೊರಬಿಡುವ ಹೀಟ್ ಸಿಂಕ್‌ನ ತೆಳು ರೆಕ್ಕೆಗಳಿಗೂ ನಡುವಿನ ಸಂದು. ಅಲ್ಲಿ ಅದು ಒತ್ತಿಟ್ಟ ಉಣ್ಣೆಯ ಪಟ್ಟಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಗ್ರಾಫಿಕ್ಸ್ ಚಿಪ್ ಸಾಯುತ್ತಿದೆ ಎಂದು ಕಂಗಾಲಾಗಿ ಒಬ್ಬ ಹುಡುಗ ತಂದ ಲ್ಯಾಪ್‌ಟಾಪಿನಿಂದ ನಾಣ್ಯದ ದಪ್ಪದ ಪಟ್ಟಿಯನ್ನು ಚಿಮಟದಲ್ಲಿ ಇಡಿಯಾಗಿ ಎಳೆದು ತೆಗೆದಿದ್ದೇನೆ. ಪೇಸ್ಟ್ ಕೂಡ ಬದಲಿಸಲಿಲ್ಲ, ಯಂತ್ರ ಸರಿಹೋಯಿತು. ಅವನಿಗೆ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಾದಂತೆ ಕಂಡಿತು. ಹೊಸದು ಕೊಳ್ಳಲು ಇದ್ದ ನೆಪ ಕೈತಪ್ಪಿತಲ್ಲ!

ಇನ್ನೊಂದನ್ನು ಕೇಳಲೇಬೇಕು. ಹಾಸಿಗೆಯ ಮೇಲಿಟ್ಟು ಆಡುತ್ತೀರಾ? ಬಹುಪಾಲು ಗೇಮಿಂಗ್ ಲ್ಯಾಪ್‌ಟಾಪ್‌ಗಳು ತಣ್ಣನೆಯ ಗಾಳಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತವೆ. ಹಾಸಿಗೆ ಆ ಬಾಯಿಯನ್ನು ಮುಚ್ಚುವುದಷ್ಟೇ ಅಲ್ಲ, ತನ್ನ ನೂಲಿನ ಎಳೆಗಳನ್ನೂ ಉಣಿಸುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು ಹಿಂಬದಿಯನ್ನು ಒಂದಂಗುಲ ಎತ್ತರಿಸಿ ನೋಡಿ. ಖರ್ಚಿಲ್ಲದೆ ಕೆಲವು ಡಿಗ್ರಿ ಇಳಿಯುವುದನ್ನು ನೀವೇ ಕಾಣುತ್ತೀರಿ.

ಮತ್ತೊಂದು ಉಚಿತ ಮದ್ದು ಫ್ರೇಮ್‌ಗಳಿಗೆ ಮಿತಿ ಹಾಕುವುದು. ಚಿಪ್ ಬಳಸುವ ವಿದ್ಯುತ್ತು ಅದರ ವೇಗದ ಜೊತೆಗೂ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ, ಮತ್ತು ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಹೀಗಾಗಿ ಕೊನೆಯ ಹತ್ತು ಶೇಕಡಾ ವೇಗಕ್ಕೆ ತೆರುವ ಶಾಖ ವಿಪರೀತ. ಕಡಿವಾಣವಿಲ್ಲದೆ 90ಕ್ಕೆ ಓಡಿ 50ಕ್ಕೆ ಮುಗ್ಗರಿಸುವ ಆಟಕ್ಕಿಂತ 70ರಲ್ಲಿ ಕಟ್ಟಿಹಾಕಿದ ಆಟ ಕಣ್ಣಿಗೂ ಕೈಗೂ ಹಿತ. ಮನುಷ್ಯನಿಗೆ ಕಾಡುವುದು ಕಡಿಮೆ ಫ್ರೇಮ್‌ಗಿಂತ ಹೆಚ್ಚಾಗಿ ಏರಿಳಿಯುವ ಫ್ರೇಮ್.

ಈಗ ಚಾರ್ಜರ್ ಅನುಮಾನ. ಸದಾ ಸಿಕ್ಕಿಸಿಟ್ಟರೆ ಬ್ಯಾಟರಿ ‘ಓವರ್‌ಚಾರ್ಜ್’ ಆಗುತ್ತದೆ ಎಂಬುದು ಹಳೆಯ ಕಾಲದ ಭಯ. ತುಂಬಿದ ಮೇಲೆ ಒಳಗಿನ ಸರ್ಕ್ಯೂಟ್ ಚಾರ್ಜ್ ಮಾಡುವುದನ್ನು ನಿಲ್ಲಿಸುತ್ತದೆ. ಆದರೆ ಭಯ ಪೂರ್ತಿ ಸುಳ್ಳೂ ಅಲ್ಲ. ಲಿಥಿಯಂ ಅಯಾನ್ ಕೋಶ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ ಸಾಮಾನ್ಯವಾಗಿ 4.2ರ ಹತ್ತಿರ ಇರುತ್ತದೆ. ಆ ಎತ್ತರದಲ್ಲಿ, ಅದೂ ಬಿಸಿಯಲ್ಲಿ, ತಿಂಗಳುಗಟ್ಟಲೆ ಕೂತರೆ ಒಳಗಿನ ರಾಸಾಯನಿಕ ಸವೆತ ಚುರುಕಾಗುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಇಂದೇ ಹಾಕಿ, ಚಾರ್ಜರ್ ಸಿಕ್ಕಿಸಿಯೇ ಆಡಿ. ಬ್ಯಾಟರಿ ಬಳಲಿರಬಹುದು, ಆದರೆ ಫ್ರೇಮ್ ಕುಸಿತಕ್ಕೆ ಅದು ಕಾರಣವಲ್ಲ ಎಂದೇ ನನ್ನ ಅಂದಾಜು. ಒಂದು ಎಚ್ಚರಿಕೆ: ಟಚ್‌ಪ್ಯಾಡ್ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಿರಿ. ಆಗ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ನೀವೇ ಚುಚ್ಚಿ ಮೀಟಿ ತೆಗೆಯಲು ಹೋಗಬೇಡಿ.

ಇನ್ನು ‘ಡೆಸ್ಕ್‌ಟಾಪ್‌ನ ಅದೇ ಚಿಪ್’ ಎಂಬ ನಿಮ್ಮ ನಂಬಿಕೆ. ಪತ್ರದಲ್ಲಿ ನಿಮಗೆ ಹೆಚ್ಚು ನಷ್ಟ ಮಾಡಬಲ್ಲದ್ದು ಇದೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಕಾಲದಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್‌ಗಳ ಹೆಸರಿನ ಕೊನೆಗೆ ‘ಎಂ’ ಅಕ್ಷರ ಸೇರಿಸುತ್ತಿತ್ತು. 2016ರಲ್ಲಿ 10ರ ಸರಣಿ ಬಂದಾಗ ಆ ಅಕ್ಷರವನ್ನು ಬಿಟ್ಟಿತು. ಆಗ ಎರಡೂ ಚಿಪ್‌ಗಳು ನಿಜಕ್ಕೂ ಸಾಕಷ್ಟು ಹತ್ತಿರ ಇದ್ದವು. ಆಮೇಲೆ ಅಂತರ ಹಿಗ್ಗಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಆರ್‌ಟಿಎಕ್ಸ್ 4070 ಎಂಬ ಡೆಸ್ಕ್‌ಟಾಪ್ ಕಾರ್ಡಿನಲ್ಲಿ 5,888 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು), 12 ಜಿಬಿ ಮೆಮೊರಿ, 200 ವಾಟ್ ಬಳಕೆ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ನಲ್ಲಿ 4,608 ಕೋರ್‌ಗಳು, 8 ಜಿಬಿ ಮೆಮೊರಿ. 4090ರಲ್ಲಿ ಅಂತರ ಇನ್ನೂ ದೊಡ್ಡದು: ಡೆಸ್ಕ್‌ಟಾಪ್‌ನದು 16,384 ಕೋರ್, 24 ಜಿಬಿ, 450 ವಾಟ್, ಲ್ಯಾಪ್‌ಟಾಪಿನದು 9,728 ಕೋರ್, 16 ಜಿಬಿ. ಸಿಲಿಕಾನ್ ತುಂಡೇ ಬೇರೆ. ತರಗತಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಒಬ್ಬನ ಅಂಕ ಇನ್ನೊಬ್ಬನದಾಗುವುದಿಲ್ಲವಲ್ಲ, ಇದೂ ಹಾಗೆಯೇ.

ಸಮಸ್ಯೆ ಇಲ್ಲಿಗೇ ಮುಗಿಯುವುದಿಲ್ಲ. ಎರಡು ಲ್ಯಾಪ್‌ಟಾಪ್‌ಗಳಲ್ಲಿ ಇರುವ ಒಂದೇ ಚಿಪ್ ಕೂಡ ಒಂದೇ ಥರ ಓಡುವುದಿಲ್ಲ. 40ರ ಸರಣಿಯ 4060 ಮತ್ತು 4070 ಲ್ಯಾಪ್‌ಟಾಪ್ ಚಿಪ್‌ಗಳನ್ನು 35 ವಾಟಿನಿಂದ 115 ವಾಟಿನವರೆಗೆ ಎಲ್ಲಿ ಬೇಕಾದರೂ ನಿಲ್ಲಿಸುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಕರಿಗಿದೆ. ತೆಳ್ಳಗಿನ, ಸೊಗಸಾದ ಲೋಹದ ಮೈಯ ಯಂತ್ರದಲ್ಲಿ ಕಡಿಮೆ ವಾಟ್. ಇಟ್ಟಿಗೆಯಂಥ ದಪ್ಪ ಯಂತ್ರದಲ್ಲಿ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿದೆಯಲ್ಲ, ಇಲ್ಲಿ ಹಾಸಿಗೆ ಎಂದರೆ ಹೀಟ್ ಸಿಂಕ್. ದೊಡ್ಡ ಹೆಸರಿನ ಚಿಪ್ಪನ್ನು ಕಡಿಮೆ ವಾಟಿಗೆ ಕಟ್ಟಿಹಾಕಿದ ದುಬಾರಿ ಲ್ಯಾಪ್‌ಟಾಪ್ ಒಂದು ಮೆಟ್ಟಿಲು ಕೆಳಗಿನ ಚಿಪ್ಪನ್ನು ಪೂರ್ಣ ವಾಟಿನಲ್ಲಿ ಓಡಿಸುವ ಲ್ಯಾಪ್‌ಟಾಪಿಗಿಂತ ಹಿಂದೆ ಬೀಳುವುದನ್ನು ನಾನು ಪರೀಕ್ಷೆಯಲ್ಲಿ ಕಂಡಿದ್ದೇನೆ. ಹೊಸದನ್ನು ಕೊಳ್ಳುವುದೇ ಆದರೆ ಮಾರುವವರನ್ನು ಚಿಪ್‌ನ ಹೆಸರಿನ ಜೊತೆಗೆ ಅದರ ಗರಿಷ್ಠ ವಾಟ್ ಎಷ್ಟೆಂದೂ ಕೇಳಿ. ತಯಾರಕರ ತಾಂತ್ರಿಕ ವಿವರಗಳ ಪುಟದಲ್ಲಿ, ಹೆಚ್ಚಾಗಿ ಚಿಕ್ಕ ಅಕ್ಷರಗಳಲ್ಲಿ, ಅದು ಇರುತ್ತದೆ. ಉತ್ತರ ಸಿಗದಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ.

ಫ್ರೇಮ್ ಜನರೇಷನ್ ಶುದ್ಧ ಮೋಸವೇ? ತಂತ್ರ ಮೋಸವಲ್ಲ, ಅದರ ಜಾಹೀರಾತಿನಲ್ಲಿ ಮೋಸವಿದೆ. 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಹೊಸ 5070 ಕಾರ್ಡ್ ಹಿಂದಿನ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. ಆ ಮಾತು ಹೊಂದುವುದು 5070 ನಿಜವಾಗಿ ಬಿಡಿಸಿದ ಪ್ರತಿ ಚಿತ್ರಕ್ಕೂ ಊಹಿಸಿದ ಮೂರು ಚಿತ್ರಗಳನ್ನು ಸೇರಿಸಿ ಎಣಿಸಿದಾಗ. ನಿಮ್ಮ ಕೋಪ ಇದರ ಮೇಲಿದ್ದರೆ ನಾನೂ ನಿಮ್ಮ ಪಕ್ಷ.

ಒಳಗೆ ನಡೆಯುವುದು ಇಷ್ಟು. ಚಿಪ್ ಎರಡು ನಿಜವಾದ ಫ್ರೇಮ್‌ಗಳನ್ನು ಬಿಡಿಸುತ್ತದೆ, ವಸ್ತುಗಳು ಎಲ್ಲಿಂದ ಎಲ್ಲಿಗೆ ಸರಿದವು ಎಂದು ಲೆಕ್ಕ ಹಾಕಿ ನಡುವಿನದನ್ನು ಊಹಿಸುತ್ತದೆ. ನಡುವಿನದನ್ನು ಊಹಿಸಲು ಎರಡನೆಯದು ಬಂದಿರಲೇಬೇಕು. ಅಂದರೆ ಬಂದ ಫ್ರೇಮನ್ನು ತಕ್ಷಣ ತೋರಿಸದೆ ಹಿಡಿದಿಡಬೇಕು. ನಿಮ್ಮ ಬೆರಳಿಗೂ ಪರದೆಗೂ ನಡುವಿನ ವಿಳಂಬ ಹೆಚ್ಚುವುದು ಇಲ್ಲಿ. ನಿಜವಾದ ಫ್ರೇಮ್‌ಗಳು ಸೆಕೆಂಡಿಗೆ 30 ಇದ್ದರೆ ಒಂದೊಂದರ ನಡುವೆ 33 ಮಿಲಿಸೆಕೆಂಡ್. ಅದನ್ನು 60 ಎಂದು ತೋರಿಸಿದರೂ ಕೈಗೆ ತಾಗುವುದು 30ಕ್ಕಿಂತ ಮಂದವಾದ ಆಟ. ನಿಜವಾದದ್ದೇ 70 ಇದ್ದು ಅದನ್ನು 130ಕ್ಕೆ ಏರಿಸಿದರೆ ಕಥೆ ಬೇರೆ: ವಿಳಂಬ ಅಷ್ಟಾಗಿ ಗೊತ್ತಾಗುವುದಿಲ್ಲ, ಚಲನೆ ನಯವಾಗುತ್ತದೆ. ಚೆನ್ನಾಗಿ ಓಡುವ ಆಟವನ್ನು ಇನ್ನೂ ಚೆನ್ನಾಗಿ ಕಾಣಿಸುವ ತಂತ್ರ ಇದು. ಕುಂಟುವ ಆಟವನ್ನು ಓಡಿಸುವುದು ಇದರಿಂದಾಗದು. ಕಥೆ ಹೇಳುವ, ನಿಧಾನಗತಿಯ ಆಟಗಳಲ್ಲಿ ನಾನೇ ಬಳಸುತ್ತೇನೆ. ಎದುರಾಳಿಗಳಿರುವ ಶೂಟಿಂಗ್ ಆಟದಲ್ಲಿ ಮುಟ್ಟುವುದಿಲ್ಲ.

ಇದನ್ನು ಅಪ್‌ಸ್ಕೇಲಿಂಗ್ ಜೊತೆ ಕಲಸಬೇಡಿ. ಎನ್ವಿಡಿಯಾ ಡಿಎಲ್‌ಎಸ್‌ಎಸ್ ಎಂಬ ಒಂದೇ ಹೆಸರಿನಡಿ ಎರಡನ್ನೂ ಮಾರುವುದರಿಂದ ಗೊಂದಲ ಸಹಜ. ಅಪ್‌ಸ್ಕೇಲಿಂಗ್‌ನಲ್ಲಿ ಪ್ರತಿ ಫ್ರೇಮೂ ನಿಜವಾದದ್ದೇ, ಆದರೆ ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡಿದ್ದು. ‘ಕ್ವಾಲಿಟಿ’ ಮಟ್ಟದಲ್ಲಿ ಉದ್ದಗಲ ಎರಡೂ ಮೂರನೇ ಎರಡಕ್ಕೆ ಇಳಿಯುತ್ತವೆ, ಹಾಗಾಗಿ ಚಿಪ್ ಬಿಡಿಸುವುದು ಒಟ್ಟು ಪಿಕ್ಸೆಲ್‌ಗಳಲ್ಲಿ ಸುಮಾರು 44 ಶೇಕಡಾ ಮಾತ್ರ. ಕೆಲಸ ಕಡಿಮೆಯಾದ್ದರಿಂದ ನಿಜವಾದ ಫ್ರೇಮ್‌ಗಳೇ ಹೆಚ್ಚುತ್ತವೆ, ವಿಳಂಬ ತಗ್ಗುತ್ತದೆ. ನಿಮ್ಮ ಈಗಿನ ಲ್ಯಾಪ್‌ಟಾಪಿನಲ್ಲೇ ಇದನ್ನು ಹಾಕಿ ನೋಡಿ, ಶಾಖವನ್ನೂ ನೋಡಿ. ಎನ್ವಿಡಿಯಾ ಚಿಪ್ ಇಲ್ಲದಿದ್ದರೆ ಎಎಂಡಿ ಕಂಪನಿಯ ಎಫ್‌ಎಸ್‌ಆರ್ ಎಂಬ ಇಂಥದ್ದೇ ತಂತ್ರ ಇದೆ.

ರೂಮ್‌ಮೇಟ್‌ಗೆ ಹೇಳಿ, ಕಣ್ಣು ಫ್ರೇಮ್ ಎಣಿಸುವ ಕ್ಯಾಮೆರಾ ಅಲ್ಲ. ಮಿನುಗುವ ದೀಪವೊಂದು ಸೆಕೆಂಡಿಗೆ ಸುಮಾರು 60 ಸಲ ಮಿನುಗಿದರೆ ಹೆಚ್ಚಿನವರಿಗೆ ಅದು ನಿರಂತರ ಬೆಳಕಾಗಿ ಕಾಣುತ್ತದೆ. ಆ 60ರ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದ. ಚಲಿಸುವ ಚಿತ್ರದ ಲೆಕ್ಕ ಬೇರೆ. ಇಂದಿನ ಪರದೆಗಳು ಮುಂದಿನ ಫ್ರೇಮ್ ಬರುವವರೆಗೆ ಹಿಂದಿನದನ್ನೇ ಹಿಡಿದು ನಿಲ್ಲಿಸುತ್ತವೆ. ಕಣ್ಣು ವಸ್ತುವನ್ನು ಹಿಂಬಾಲಿಸಿ ಮುಂದೆ ಸರಿಯುತ್ತಿರುತ್ತದೆ, ಚಿತ್ರ ನಿಂತಲ್ಲೇ ಇರುತ್ತದೆ, ಫಲ, ಮಸುಕು. ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತು 60 ಹರ್ಟ್ಜ್ ಪರದೆಯಲ್ಲಿ 16 ಪಿಕ್ಸೆಲ್ ಮಸುಕಾದರೆ 120ರಲ್ಲಿ 8, 240ರಲ್ಲಿ 4. ಪುಟವೊಂದನ್ನು ವೇಗವಾಗಿ ಮೇಲೆ ಸರಿಸುತ್ತಾ ಅಕ್ಷರ ಓದಲು ಹೇಳಿ, 60ಕ್ಕೂ 120ಕ್ಕೂ ವ್ಯತ್ಯಾಸ ಅವರಿಗೇ ಕಾಣುತ್ತದೆ.

ಹಾಗೆಂದು ನೀವು ಗೆದ್ದಿರಿ ಎಂದಲ್ಲ. 60ರಿಂದ 120ಕ್ಕೆ ಹೋದರೆ ಪ್ರತಿ ಫ್ರೇಮಿಗೆ 8.3 ಮಿಲಿಸೆಕೆಂಡ್ ಉಳಿತಾಯ. 120ರಿಂದ 240ಕ್ಕೆ ಕೇವಲ 4.2. ಅದೂ ಚಿಪ್ 240 ಫ್ರೇಮ್ ಬಿಡಿಸಿಕೊಟ್ಟರೆ. 50ಕ್ಕೆ ಕುಸಿಯುವ ಯಂತ್ರಕ್ಕೆ 240ರ ಪರದೆ ಅಲಂಕಾರವಷ್ಟೇ. ನನ್ನ ಮಟ್ಟಿಗೆ 120 ಅಥವಾ 144 ಧಾರಾಳವಾಗಿ ಸಾಕು, ಸ್ಪರ್ಧೆಗಳಲ್ಲಿ ಆಡುವವರನ್ನು ಬಿಟ್ಟು.

ಕೈಯಲ್ಲಿ ಹಿಡಿದು ಆಡುವ ಸಾಧನಗಳನ್ನು ಆಟಿಕೆ ಎಂದಿರಿ. 2022ರಲ್ಲಿ ಬಂದ ಸ್ಟೀಮ್ ಡೆಕ್‌ನ ಚಿಪ್ ಬಳಸುವುದು ಗರಿಷ್ಠ 15 ವಾಟ್. ಅಷ್ಟರಲ್ಲೇ ಅದು ದೊಡ್ಡ ಆಟಗಳನ್ನು ಓಡಿಸುವುದಕ್ಕೆ ಕಾರಣ ಅದರ ಪರದೆ: 1280×800 ಎಂದರೆ ಸುಮಾರು ಹತ್ತು ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ಅರ್ಧ. ಚಿಕ್ಕ ಪರದೆಗೆ ಅಷ್ಟು ಸಾಕು ಎಂದು ಗುರುತಿಸಿದ ಎಂಜಿನಿಯರಿಂಗ್ ಜಾಣತನ ನನಗೆ ಲೋಹದ ಮೈಯ ಅನೇಕ ದುಬಾರಿ ಲ್ಯಾಪ್‌ಟಾಪ್‌ಗಳಿಗಿಂತ ಮೇಲಾಗಿ ಕಾಣುತ್ತದೆ. ಮಿತಿಗಳೂ ಇವೆ. ಅದು ವಿಂಡೋಸ್ ಅಲ್ಲ, ಲಿನಕ್ಸ್ ಆಧಾರಿತ, ಹಾಗಾಗಿ ಆಂಟಿ ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಕಟ್ಟುನಿಟ್ಟಾಗಿರುವ ಫೋರ್ಟ್‌ನೈಟ್, ವ್ಯಾಲೊರಂಟ್‌ನಂಥ ಆಟಗಳು ಅದರ ಸ್ವಂತ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ. ಇಂಥ ಯಾವುದೇ ಸಾಧನ ಕೊಳ್ಳುವಾಗ ಹೆಬ್ಬೆರಳಲ್ಲಿ ತಿರುಗಿಸುವ ಅನಲಾಗ್ ಸ್ಟಿಕ್ ಯಾವ ಬಗೆಯದು ಎಂದು ನೋಡಿ. ಮಾಮೂಲಿ ಸ್ಟಿಕ್‌ಗಳಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತದೆ. ಸವೆದಂತೆ, ಕೈ ಬಿಟ್ಟಿದ್ದರೂ ಪಾತ್ರ ತಾನಾಗಿ ನಡೆಯತೊಡಗುತ್ತದೆ. ಅಯಸ್ಕಾಂತ ಬಳಸುವ ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಆ ಉಜ್ಜಾಟವೇ ಇಲ್ಲ. ತತ್ವ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡದ್ದು. ಇಷ್ಟು ವರ್ಷ ಕಳೆದರೂ ಎಲ್ಲ ಕಂಟ್ರೋಲರ್‌ಗಳಿಗೂ ಅದು ಬಂದಿಲ್ಲ ಎಂಬುದು ನನಗೆ ಇನ್ನೂ ಅರ್ಥವಾಗದ ಜಿಪುಣತನ.

ಕ್ಲೌಡ್ ಗೇಮಿಂಗ್ ಸತ್ತಿಲ್ಲ, ಗೂಗಲ್‌ನ ಸ್ಟೇಡಿಯಾ ಸತ್ತಿತು: 2019ರ ನವೆಂಬರ್‌ನಲ್ಲಿ ಹುಟ್ಟಿ 2023ರ ಜನವರಿಯಲ್ಲಿ ಮುಚ್ಚಿತು. ಬೇರೆ ಸೇವೆಗಳು ನಡೆಯುತ್ತಿವೆ. ನಿಮಗೆ ಹೊಂದುತ್ತದೆಯೇ ಎಂಬುದು ಸಂಪರ್ಕದ ವೇಗಕ್ಕಿಂತ ಅದರ ಸ್ಥಿರತೆಯ ಮೇಲೆ ನಿಂತಿದೆ. ಫೈಬರ್‌ನಲ್ಲಿ ಬೆಳಕು 1,000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕು. ಅದನ್ನು ಯಾವ ಕಂಪನಿಯೂ ತಗ್ಗಿಸಲಾರದು. ಅದರ ಮೇಲೆ ಸಂಜೆ ಹೊತ್ತು ನೂರಾರು ಜನ ಹಂಚಿಕೊಳ್ಳುವ ಹಾಸ್ಟೆಲ್ ವೈಫೈ! ಒಂದು ತಿಂಗಳು ಚಂದಾ ಕಟ್ಟಿ ರಾತ್ರಿ ಒಂಬತ್ತಕ್ಕೆ ಆಡಿ ನೋಡಿ, ತೀರ್ಮಾನ ತಾನಾಗಿ ಬರುತ್ತದೆ.

ಹಾಗಾದರೆ ಕೂಡಿಟ್ಟ ಹಣ? ಸ್ವಚ್ಛ ಮಾಡಿದ ಮೇಲೆ ಹಳೆಯ ಯಂತ್ರ ಮತ್ತೆ 80ಕ್ಕೆ ಇಳಿದರೆ ಸದ್ಯ ಏನನ್ನೂ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಇನ್ನೊಂದು ವರ್ಷಕ್ಕೆ ನಿಮ್ಮ ಓದು ಮುಗಿಯುತ್ತದೆ. ಆಗ ನೀವು ಎಲ್ಲಿರುತ್ತೀರಿ, ಮೇಜು ಹಾಕಲು ಜಾಗ ಇರುತ್ತದೆಯೇ, ದಿನಕ್ಕೆ ಎಷ್ಟು ಹೊತ್ತು ಆಡಲು ಸಿಗುತ್ತದೆ ಎಂಬುದು ಈಗ ನಿಮಗೇ ಗೊತ್ತಿಲ್ಲ. ಒಂದೇ ಕಡೆ ನೆಲೆಸುವುದಾದರೆ ಡೆಸ್ಕ್‌ಟಾಪ್‌ಗೆ ಸಮನಾದದ್ದಿಲ್ಲ: ಒಂದೊಂದೇ ಭಾಗ ಬದಲಿಸಬಹುದು, ಶಾಖಕ್ಕೆ ಜಾಗವಿರುತ್ತದೆ, ಹಳೆಯ ಲ್ಯಾಪ್‌ಟಾಪ್ ಕಚೇರಿ ಕೆಲಸಕ್ಕೆ ಉಳಿಯುತ್ತದೆ. ಆದರೆ ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ಅದನ್ನು ಹೊರುವುದು ಶಿಕ್ಷೆ. ಊರೂರು ಅಲೆಯುವ ಕೆಲಸ ಸಿಕ್ಕರೆ ಹಳೆಯ ಲ್ಯಾಪ್‌ಟಾಪ್ ಜೊತೆಗೆ ಕೈಯಲ್ಲಿ ಹಿಡಿಯುವ ಸಾಧನವೊಂದು ಸಾಕಾಗಬಹುದು. ಹೊಸ ಗೇಮಿಂಗ್ ಲ್ಯಾಪ್‌ಟಾಪ್ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಬೆಸೆದಿರುವುದರಿಂದ ಅದು ಹಳತಾದ ದಿನ ಇಡೀ ಯಂತ್ರವೇ ಹಳತಾಗುತ್ತದೆ. ಕೊಳ್ಳಲೇಬೇಕಾಗಿ ಬಂದರೆ ವಾಟ್ ಕೇಳುವುದನ್ನು ಮರೆಯಬೇಡಿ, ಮತ್ತು ರ್‍ಯಾಮ್ ಬದಲಿಸಲು ಬರುವಂಥದ್ದನ್ನೇ ಆರಿಸಿ.

ಈ ವಾರ ಮಾಡಬೇಕಾದ್ದು ಇಷ್ಟು. ಅದೇ ಆಟವನ್ನು ಇಪ್ಪತ್ತು ನಿಮಿಷ ಆಡಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡರ ತಾಪಮಾನ, ವೇಗ, ವಾಟ್ ಬರೆದಿಟ್ಟುಕೊಳ್ಳಿ. ವಾರಂಟಿ ಇದೆಯೇ, ಬಿಚ್ಚಿದರೆ ರದ್ದಾಗುತ್ತದೆಯೇ ಎಂದು ನೋಡಿ; ಇದ್ದರೆ ತಯಾರಕರ ಸೇವಾ ಕೇಂದ್ರಕ್ಕೇ ಕೊಡಿ. ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಹೀಟ್ ಸಿಂಕ್‌ನ ತಿರುಪುಗಳ ಪಕ್ಕ ಸಂಖ್ಯೆಗಳಿರುತ್ತವೆ, ಅದೇ ಕ್ರಮದಲ್ಲಿ ಬಿಗಿಮಾಡಿ. ಮಾಮೂಲಿ ಪೇಸ್ಟನ್ನೇ ಹಚ್ಚಿ. ಲಿಕ್ವಿಡ್ ಮೆಟಲ್ ಬಳಸಿ ಎಂದು ಯಾರಾದರೂ ಹುರಿದುಂಬಿಸಿದರೆ ಕೇಳಬೇಡಿ, ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಬೋರ್ಡಿನ ಮೇಲೆ ಒಂದು ಹನಿ ಚೆಲ್ಲಿದರೆ ಶಾರ್ಟ್ ಸರ್ಕ್ಯೂಟ್. ಆಮೇಲೆ ಅದೇ ಆಟ, ಅದೇ ಇಪ್ಪತ್ತು ನಿಮಿಷ. ಎರಡೂ ಸಲದ ಅಂಕಿಗಳನ್ನು ಬರೆದು ಕಳುಹಿಸಿ. ಸ್ವಚ್ಛ ಮಾಡಿದ ಮೇಲೂ 90ರ ಕೆಳಗೆ ಇಳಿಯದಿದ್ದರೆ ಹೀಟ್ ಪೈಪ್ ಒಳಗಿನಿಂದ ಕೆಟ್ಟಿರಬಹುದು ಅಥವಾ ಒಂದು ಫ್ಯಾನ್ ನಿಧಾನವಾಗಿರಬಹುದು. ಅವುಗಳನ್ನೂ ಬಿಡಿಯಾಗಿ ಬದಲಿಸಲು ಬರುತ್ತದೆ.